ಸ್ವೆಟರ್ ಸಂಘದ ಹಳೇ ಪುಟಗಳು

ಬಳ್ಳಾರಿಯ ಬಿಸಿಲಲ್ಲಿ ಹೆಂಗಸರು ಸಂಘ ಕಟ್ಟಿಕೊಂಡು ಸ್ವೆಟರ್ ಹೆಣೆಯಲು ಕೂತರೆ ಏನಾದರೊಂದು ಆಗದೆ ಇರುತ್ತದೆಯೆ? ಎಪ್ಪತ್ತರ ದಶಕದಲ್ಲಿ ನಮಗೆ ವಾರವಾರವೂ ಆಗುತ್ತಿತ್ತು. ಈಗ ನಾನಿರುವುದು ದೂರದ ಚಳಿಯೂರಿನಲ್ಲಿ. ಸ್ವೆಟರ್ ಹಾಕಿಕೊಳ್ಳುವಾಗಲೆಲ್ಲ ನಗು ಬರುತ್ತದೆ.

೧. ತೋಳು

ಬ್ರೂಸ್‌ಪೇಟೆಯ ಒಂದು ಮಾಳಿಗೆಯ ಮೇಲೆ ನಮ್ಮ ಸಂಘ. ಕಿಟಕಿಗೆ ದಾರದಿಂದ ಕಟ್ಟಿದ ದಪ್ಪ ನೋಟ್‌ಬುಕ್ಕು. ಹೆಣಿಗೆ ತಪ್ಪಿದವರು ಒಂದು ಪುಟದಲ್ಲಿ ಪ್ರಶ್ನೆ ಬರೆಯಬೇಕು, ಗೊತ್ತಿದ್ದವರು ಬಂದಾಗ ಕೆಳಗೆ ಉತ್ತರ ಬರೆಯಬೇಕು. ಎಲ್ಲ ಗೊತ್ತಿದ್ದವರು ಸಿರುಗುಪ್ಪದ ಅಕ್ಕ ಒಬ್ಬರೇ. ಅವರು ಬರುತ್ತಿದ್ದದ್ದು ನೆಂಟರ ಮದುವೆ ಇದ್ದಾಗ ಮಾತ್ರ, ಬಂದಾಗೊಮ್ಮೆ ಒಂದೇ ಪುಟಕ್ಕೆ ಉತ್ತರ.

‘ಕೂಸಿನ ಸ್ವೆಟರ್‌ಗೆ ತೋಳು ಕೂಡಿಸುವುದು ಹೇಗೆ?’ ಎಂಬುದಕ್ಕೆ ಅಕ್ಕ ಚಿತ್ರ ಸಮೇತ ಬರೆದು, ಕೇಳಿದಾಕೆಯನ್ನು ಕರೆದರು.

“ಕೂಸು ಎಲ್ಲೈತಿ?”

“ಸಾಲಿಗೆ ಹೋಗೈತ್ರಿ. ಮೂರನೇ ಕ್ಲಾಸು.”

“ಇರಲಿ ಬಿಡು, ಮುಂದಿನ ಕೂಸಿಗೆ ಆಗತೈತಿ.”

“ಅಕ್ಕಾ, ಆಪರೇಶನ್ ಆಗೈತ್ರಿ.”

೨. ನನಗೂ

ಕುರುಗೋಡು ಶಾಲೆಯ ಟೀಚರ್ ಒಬ್ಬರು ಶನಿವಾರ ಬಂದು, ಪ್ರತಿ ಪುಟದ ಕೆಳಗೂ ‘ನನಗೂ ಇದೇ ತೊಂದರೆ’ ಎಂದು ಬರೆದು ಸಹಿ ಹಾಕುತ್ತಿದ್ದರು.

“ಉತ್ತರ ಗೊತ್ತಿಲ್ಲಂದ್ರ ಯಾಕ ಬರೀತೀರಿ?” ಎಂದೆ.

“ಕೇಳಿದಾಕಿಗೆ ಸಮಾಧಾನ ಆಗ್ಲಿ ಅಂತ್ರಿ.”

ಒಂದು ಹಳೇ ಪುಟದಲ್ಲಿ ಯಾರೋ, ‘ನಾನು ಹೆಣೆದದ್ದನ್ನು ಅತ್ತೆ ಬಿಚ್ಚಿಹಾಕುತ್ತಾರೆ’ ಎಂದು ಬರೆದಿದ್ದರು. ಅದರ ಕೆಳಗೂ ಟೀಚರ್ ಸಹಿ ಬಿತ್ತು. ನಮ್ಮ ಸಂಘದ ಅಧ್ಯಕ್ಷೆಯೇ ಟೀಚರ್‌ಗೆ ಅತ್ತೆ.

೩. ಕುತ್ತಿಗೆ

ಅಧ್ಯಕ್ಷೆ ಅದನ್ನು ಓದಿದರು. “ಹಳೇ ಪುಟ ಅಂದ್ರ ಹಳೇ ಜಗಳ. ವರ್ಷ ದಾಟಿದ್ದಕ್ಕೆಲ್ಲ ಬರೋ ಶನಿವಾರ ಅಂಟು ಹಚ್ಚಿ ಮುಚ್ಚತೀನಿ.”

ನನ್ನದೂ ಒಂದು ಪುಟ ಉತ್ತರವಿಲ್ಲದೆ ಉಳಿದಿತ್ತು. ಅದಕ್ಕೆ ಒಂಬತ್ತು ವರ್ಷ: ‘ಯಜಮಾನರ ತಲೆ ಸ್ವೆಟರ್‌ನ ಕುತ್ತಿಗೆಯಲ್ಲಿ ತೂರುತ್ತಿಲ್ಲ.’ ಮದುವೆಯಾದ ಹೊಸತರಲ್ಲಿ ಹೆಣೆದದ್ದು. ಒಂದು ಸಲವಾದರೂ ತೊಡಿಸಿ ನೋಡುವ ಆಸೆ. ಸಿರುಗುಪ್ಪಕ್ಕೆ ಕಾರ್ಡು ಹಾಕಿದೆ.

ಶನಿವಾರ ಅಂಟಿನ ಬಟ್ಟಲು ಬಂತು. ಹಿಂದೆಯೇ, ಯಾವ ಮದುವೆಯೂ ಇಲ್ಲದೆ, ಅಕ್ಕ ಬಸ್ಸಿಳಿದು ಬಂದರು. ‘ಭುಜದ ಹತ್ತಿರ ಬಿಚ್ಚಿ ಗುಂಡಿ ಇಡು’ ಎಂದು ಬರೆದರು.

ಅಧ್ಯಕ್ಷೆ ಬಟ್ಟಲು ಕೆಳಗಿಟ್ಟರು. “ಒಂದು ವಾರ ತಡೀತೀನಿ. ತೊಡಿಸಿ ನೋಡು, ಆಮ್ಯಾಲ ಮುಚ್ಚೂಣು.”

ಗುಂಡಿ ಇಟ್ಟೆ. ತಲೆ ಸಲೀಸಾಗಿ ತೂರಿತು. ಒಂಬತ್ತು ವರ್ಷ ನನ್ನ ಕೈಯೂಟ ಉಂಡ ಹೊಟ್ಟೆ ಮಾತ್ರ ಒಳಗೆ ಹೋಗಲಿಲ್ಲ.

ಮುಂದಿನ ಶನಿವಾರ ಅದೇ ಪುಟದಲ್ಲಿ ‘ಹೊಟ್ಟೆಗೆ ಏನು ಮಾಡಲಿ?’ ಎಂದು ಬರೆದೆ. ಟೀಚರ್ ಬರೆದರು: ‘ನನಗೂ ಇದೇ ತೊಂದರೆ.’ ಅಂಟು ಹಚ್ಚಲು ಬಂದ ಅಧ್ಯಕ್ಷೆಗೂ ತಡೆಯಲಾಗಲಿಲ್ಲ. ‘ಒಂದು ಹೊತ್ತಿನ ಊಟ ಬಿಡಿಸು’ ಎಂದು ಬರೆದೇಬಿಟ್ಟರು.

ನನ್ನನ್ನು ಕರೆದೊಯ್ಯಲು ಬಂದಿದ್ದ ಯಜಮಾನರು ಮೇಲಿನಿಂದ ಕೆಳಗಿನವರೆಗೆ ಎಲ್ಲ ಓದಿದರು. ಪೆನ್ಸಿಲ್ ಕೇಳಿ ಇಸಕೊಂಡು ಕೊನೆಗೆ ಬರೆದರು:

‘ಬಳ್ಳಾರ್ಯಾಗ ಸ್ವೆಟರ್ ಇಲ್ಲದ ಇಲ್ಲೀತನಕ ಯಾರೂ ಸತ್ತಿಲ್ಲ. ಊಟ ಇಲ್ಲದ ಸತ್ತಾರ. ದಯಮಾಡಿ ಈ ಪುಟ ಮುಚ್ಚರಿ.’