ಮೋಡದ ನಡುವೆ ರಾವಸಾಹೇಬ

ಎಲ್ಲ ರಾದ್ಧಾಂತಕ್ಕೂ ಕಾರಣ ಒಂದು ಬೋಳು ಗೋಡೆ.

ಯಮಕನಮರಡಿಯ ಶ್ರೇಣಿಕ ಅಪ್ಪನ ಬೆಲ್ಲದ ಗೋದಾಮನ್ನೇ ಕಂಪ್ಯೂಟರ್ ಸ್ಟುಡಿಯೋ ಮಾಡಿದ್ದ. ಲಗ್ನದ ವಿಡಿಯೋ ಮಿಕ್ಸಿಂಗ್, ಆಲ್ಬಮ್, ಫೋಟೋದ ಹಿಂದೆ ಬೇಕಾದ ಬೆಟ್ಟ, ಬೇಕಾದ ಸಮುದ್ರ. ಎರಡು ಸಾವಿರದ ಮೂರರಲ್ಲಿ ಸುತ್ತಲಿನ ಹಳ್ಳಿಗಳಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಒಳಗಿನ ಸಿಂಗಾರವನ್ನಂತೂ ಮೂರು ನೋಟ್‌ಬುಕ್ ತುಂಬ ಗೀಚಿ ತಾನೇ ತಯಾರಿಸಿದ್ದ. ಗೋಡೆ ಬಿಳಿ, ಗಾದಿ ಬಿಳಿ, ಕಿಟಕಿಗೆ ದಪ್ಪ ನೀಲಿ ಪರದೆ. ಬಾಗಿಲಿಗೆ ಒಂದು ಬೋರ್ಡು: ‘ಚಪ್ಪಲಿ ಹೊರಗೆ ಬಿಡಿ. ಒಳಗೆ ಮಾತಾಡಬೇಡಿ.’ ಧೂಳೂ ಗದ್ದಲವೂ ಕಂಪ್ಯೂಟರಿಗೆ ಆಗಿಬರುವುದಿಲ್ಲ ಎಂಬುದು ಅವನೇ ಬರೆದುಕೊಂಡ ಶಾಸ್ತ್ರ!

ಅಪ್ಪ ರಾವಸಾಹೇಬರು ಮಾತ್ರ ಇನ್ನೂ ಒಳಗೆ ಕಾಲಿಟ್ಟಿರಲಿಲ್ಲ. “ಹತ್ತರಗಿ ರಾಜಪ್ಪ ಸಾವಕಾರ ಮಗಳ ಲಗ್ನದ ಕೆಲಸ ನಿನಗ ಕೊಟ್ರ ಗೋದಾಮ ನಿಂದು. ಇಲ್ಲಂದ್ರ ಸೋಮವಾರ ಬೆಲ್ಲ ತುಂಬತೇನಿ,” ಎಂದು ಹೇಳಿ ಬೆಳಿಗ್ಗೆಯೇ ಘೋಡಗೇರಿಗೆ ಹೋಗಿದ್ದರು. ರಾಜಪ್ಪ ಬರುವುದು ಇವತ್ತು, ಹನ್ನೊಂದಕ್ಕೆ.

ಹತ್ತಕ್ಕೇ ಬಾಜೂ ಮನೆಯ ಗೌರಕ್ಕ ಓಣಿಯ ಹೆಂಗಸರನ್ನೆಲ್ಲ ಕಟ್ಟಿಕೊಂಡು ಸ್ಟುಡಿಯೋ ನೋಡಲು ಬಂದಳು.

“ತಮ್ಮಾ, ಗ್ವಾಡಿ ಬೋಳ ಕಾಣತೈತಿ. ಒಂದ ಫೋಟೋ ಹಾಕ.”

ಶ್ರೇಣಿಕನಿಗೂ ಖರೆ ಅನಿಸಿತು. ತನ್ನ ಕೈಚಳಕ ತೋರಿಸಲು ಮಾಡಿಟ್ಟಿದ್ದ ಅಪ್ಪನ ದೊಡ್ಡ ಫೋಟೋ ಇತ್ತು. ತಲೆಗೆ ಪಟಕಾ ಸುತ್ತಿದ ರಾವಸಾಹೇಬರು, ಹಿಂದೆ ಬೆಳ್ಳನೆಯ ಮೋಡ, ತಲೆಯ ಸುತ್ತ ಬಂಗಾರದ ಕಿರಣ. ಅದನ್ನೇ ಗೋಡೆಗೆ ಏರಿಸಿದ. ಹೆಂಗಸರು ಬೋರ್ಡಿಗೆ ಹೆದರಿ ತುಟಿ ಪಿಟ್ಟೆನ್ನದೆ ಸಾಲಾಗಿ ಕೂತರು.

ಅಷ್ಟರಲ್ಲಿ ಕರೆಂಟ್ ಹೋಯಿತು. ಪರದೆ ಸರಿಸಿದರೆ ಧೂಳು ಬರುತ್ತದೆ! ಹೆಂಗಸರ ಪೈಕಿ ಉದ್ದವ್ವ ಎದ್ದು ಪೂಜೆಯ ದೀಪ ಹಚ್ಚಿದಳು. ಗಾದಿಗೆ ಎಣ್ಣೆ ಬಿದ್ದೀತೆಂದು ಶ್ರೇಣಿಕ ಅದನ್ನು ಫೋಟೋದ ಕೆಳಗಿನ ಸ್ಟೂಲಿನ ಮೇಲಿಟ್ಟ. ಫ್ಯಾನಿಲ್ಲದೆ ಬೆವರಿದ ಹೆಂಗಸರು ಸೆರಗಿನಿಂದ ಮುಖ ಒರೆಸಿಕೊಳ್ಳತೊಡಗಿದರು.

ಸರಿಯಾಗಿ ಆಗಲೇ ರಾಜಪ್ಪ ಸಾವಕಾರ ಬಂದ. ಬಾಗಿಲಲ್ಲಿ ಚಪ್ಪಲಿಗಳ ರಾಶಿ ನೋಡಿದ. ಒಳಗೆ ಇಣುಕಿದ. ಪಟಕಾ ತೆಗೆದು ಕಂಕುಳಲ್ಲಿಟ್ಟುಕೊಂಡು, ಸದ್ದಿಲ್ಲದೆ ಬಂದು ಗೋಡೆಗೊರಗಿ ಕೂತ. ಶ್ರೇಣಿಕನ ಎದೆ ಉಬ್ಬಿತು. ಅಂಥ ಸಾವಕಾರ ತನ್ನ ಸ್ಟುಡಿಯೋ ನೋಡಿ ಪಟಕಾ ತೆಗೆದನಲ್ಲ! ಹೆಮ್ಮೆಯಿಂದ ಶ್ರೇಣಿಕನ ಕಣ್ಣಲ್ಲಿ ನೀರೂ ತುಂಬಿತು.

ರಾಜಪ್ಪ ಎದ್ದು ಅವನ ಬೆನ್ನ ಮೇಲೆ ಕೈಯಿಟ್ಟು, “ಧೈರ್ಯ ತಗೋಪಾ, ನಾವೆಲ್ಲಾ ಅದೇವಿ,” ಎಂದ. ಚಹಾ ಬೇಡವೆಂದು ಕೈಯಾಡಿಸಿದ. ಹಿಂತಿರುಗಿ ನೋಡದೆ ನಡೆದುಬಿಟ್ಟ.

“ಬರ್ತೇನಿ ಅನ್ನದನ ಹ್ವಾದ್ರಲ್ಲೋ?” ಎಂದಳು ಗೌರಕ್ಕ.

“ದೊಡ್ಡ ಮಂದಿ ಹಂಗ ಇರ್ತಾರವಾ. ಕೆಲಸ ನಂದ ಆತು!” ಎಂದು ಶ್ರೇಣಿಕ ಓಣಿಗೆಲ್ಲ ಪೇಢೆ ಹಂಚಿದ.

ಸಂಜೆ ರಾವಸಾಹೇಬರು ಬಂದರು, ದಾರಿಯಿಂದಲೇ ಕೂಗುತ್ತ.

“ಶ್ರೇಣಿಕ, ಏನ್ ಮಾಡೀಯೋ? ಹತ್ತರಗಿ ಸ್ಟ್ಯಾಂಡಿನ್ಯಾಗ ರಾಜಪ್ಪ ನನ್ನ ನೋಡಿ ಚಹಾದ ಕಪ್ ಕೈ ಬಿಟ್ಟ! ನಾ ಸತ್ತೇನಂತ ತಿಳದು ನಿನಗ ಧೈರ್ಯ ಹೇಳಿ ಬಂದಿದ್ನಂತ. ಸೂತಕದ ಮನಿಗೆ ಲಗ್ನದ ಕೆಲಸ ಹೆಂಗ ಕೊಡೂದಂತ ಗೋಕಾಕದ ಸ್ಟುಡಿಯೋದವರಿಗೆ ಮುಂಗಡ ಕೊಟ್ಟ ಬಂದಾನ.”

ಶ್ರೇಣಿಕ ಚಪ್ಪಲಿಗಳ ರಾಶಿ ನೆನೆದ, ದೀಪ ನೆನೆದ, ಮೋಡ ನೆನೆದ.

ರಾವಸಾಹೇಬರು ಚಪ್ಪಲಿ ಬಿಟ್ಟು ಮೊದಲ ಸಲ ಒಳಗೆ ಬಂದರು. ಫೋಟೋದ ಮುಂದೆ ಬಹಳ ಹೊತ್ತು ನಿಂತರು.

“ಇಪ್ಪತ್ತ ವರ್ಷ ಪ್ಯಾಟ್ಯಾಗ ನನ್ನ ಕೂಡ ಜಗಳಾಡಿದ ರಾಜಪ್ಪಗ ಇದನ್ನ ನೋಡಿ ದುಃಖ ತಡೀಲಿಲ್ಲಂತ! ಭಾರಿ ಮಾಡೀಯೋ ಮಗನ. ಹಿಂತಾ ಖೋಲಿ ಹುಕ್ಕೇರಿ ತಾಲೂಕಿನ್ಯಾಗ ಇಲ್ಲ.”

“ಹಂಗಾದ್ರ ಅಪ್ಪಾ, ಗೋದಾಮ ನನಗನಾ?”

ಅವರು ಹೆಮ್ಮೆಯಿಂದ ಗೋಡೆಗಳನ್ನೆಲ್ಲ ಒಮ್ಮೆ ಸವರಿ ನೋಡಿದರು.

“ಮಾತಂದ್ರ ಮಾತು. ಸೋಮವಾರ ಬೆಲ್ಲ ಬರತೈತಿ. ಹಮಾಲರಿಗೆ ಹೇಳು, ಚಪ್ಪಲಿ ಹೊರಗ ಬಿಟ್ಟ ಒಳಗ ಬರ್ರಿ ಅಂತ.”