ತಪ್ಪು ನೆಲದ್ದು

ಬಡಗಿ ಬಟಾಣಿ ಸುಲಿಯುತ್ತಿದ್ದ. ಮೂರು ಕಾಳು ಪಾತ್ರೆಗೆ, ಒಂದು ಕಾಳು ಬಾಯಿಗೆ. ಎದುರಿಗೆ ಕೂತ ಹೆಂಡತಿ ಅಂದಿನ ಪತ್ರಿಕೆಯನ್ನು ಯಾರೂ ಓದುವ ಮೊದಲೇ ಸಿಪ್ಪೆಗೆಂದು ನೆಲಕ್ಕೆ ಹಾಸಿದ್ದಳು. ಮೂವತ್ತು ವರ್ಷದಿಂದ ಅವರಿಬ್ಬರ ನಡುವೆ ಇದೇ ಜಗಳ. ಹೇಳಿ ಹೇಳಿ ಸೋತ ಗಂಡ, ಸಿಪ್ಪೆಯ ಸಂದಿಯಲ್ಲಿ ಕಂಡಷ್ಟೇ ಲೋಕದ ಸುದ್ದಿ ಎಂದು ಸಮಾಧಾನ ಮಾಡಿಕೊಂಡಿದ್ದ.

ಅಂದು ಹೆಂಡತಿಯೇ ಬಗ್ಗಿ ಓದಿದಳು. "ಆಟದ ಕೋಣೆಗಳ ಬಗ್ಗೆ ಆಕ್ಷೇಪಣೆ ಕಳಿಸೋಕೆ ಇವತ್ತು ಸಂಜೆ ಐದು ಗಂಟೆಗೆ ಕಡೆಯಂತೆ ರೀ. ಆಕ್ಷೇಪಣೆ ಬಾರದೇ ಇದ್ದ ಕೋಣೆಗಳನ್ನ..." ಮುಂದಿನ ಸಾಲಿನ ಮೇಲೆ ಒದ್ದೆ ಸಿಪ್ಪೆ ಬಿದ್ದಿತ್ತು. ಎತ್ತಲು ಹೋದರೆ ಸಿಪ್ಪೆಯ ಜೊತೆ ಸಾಲೂ ಕಿತ್ತು ಬಂತು. "ಹೋಗಲಿ ಬಿಡಿ, ನೀವು ಎರಡು ತಿಂಗಳ ಹಿಂದೇನೇ ಕಳಿಸಿದ್ದೀರಲ್ಲ. ರಸೀದಿ ಎಲ್ಲಿಟ್ಟಿದ್ದೀರಿ?"

ಬಡಗಿಯ ಬಾಯಲ್ಲಿದ್ದ ಕಾಳು ಅತ್ತಲೂ ಹೋಗದೆ ಇತ್ತಲೂ ಬಾರದೆ ನಿಂತಿತು. ಇಡೀ ಬೀದಿಯವರು ಸಹಿ ಹಾಕಿದ ಕಾಗದವನ್ನು ಲಕೋಟೆಗೆ ಹಾಕಿ ತನ್ನ ಕೈಗೆ ಕೊಟ್ಟದ್ದು ಅವನಿಗೆ ಚೆನ್ನಾಗಿ ನೆನಪಿತ್ತು. ಅದನ್ನು ಜೇಬಿಗಿಟ್ಟು ಆಟದ ಕೋಣೆಯವರೆಗೆ ನಡೆದದ್ದೂ ನೆನಪಿತ್ತು. ಅಲ್ಲಿಂದ ಅಂಚೆ ಕಚೇರಿಯವರೆಗಿನ ದಾರಿ ಮಾತ್ರ ತಲೆಯಲ್ಲಿ ಎಲ್ಲಿ ಹುಡುಕಿದರೂ ಸಿಗಲಿಲ್ಲ.

ಸಂಗತಿ ಇಷ್ಟು. ಜನ ಆಟ ಆಡಬೇಕು, ಮೈ ಗಟ್ಟಿಯಾಗಬೇಕು ಎಂದು ಸರ್ಕಾರ ಒಂದು ನೀತಿ ಮಾಡಿತು. ನೀತಿಗೆ ತಕ್ಕಂತೆ ಲಾರಿಗಟ್ಟಲೆ ಚೆಂಡು, ಬ್ಯಾಟು, ಬಲೆ ಕೊಂಡಿತು. ಕೊಂಡಾದ ಮೇಲೆ ಇಡಲು ಜಾಗವಿಲ್ಲವೆಂದು ನೆನಪಾಯಿತು. ಆಗ ಯಾರೋ ಬುದ್ಧಿವಂತರು, ಬೀದಿಬೀದಿಯಲ್ಲೂ ಜನ ಆಡುವ ಕೋಣೆಗಳಿವೆಯಲ್ಲ, ಅವನ್ನೇ ಖಾಲಿ ಮಾಡಿಸಿ ಗೋದಾಮು ಮಾಡೋಣ ಎಂದರು. ಹಾಗಾದರೆ ಆಡುವವರು ಎಲ್ಲಿ ಆಡಬೇಕು? ಅದು ನೀತಿಯ ಎರಡನೆಯ ಭಾಗದಲ್ಲಿ ಬರುತ್ತದಂತೆ. ಎರಡನೆಯ ಭಾಗವನ್ನು ಇನ್ನೂ ಬರೆದಿರಲಿಲ್ಲ. ಆಕ್ಷೇಪಣೆ ಇದ್ದವರು ರಿಜಿಸ್ಟರ್ ಅಂಚೆಯಲ್ಲೇ ಕಳಿಸಬೇಕು. ಈ ನೀತಿ ಮಾಡಿದ ಇಲಾಖೆಯ ಕಚೇರಿ ಇದ್ದದ್ದು ಇವರ ಬೀದಿಯ ತುದಿಯಲ್ಲೇ, ಆದರೆ ಕೈಯಲ್ಲಿ ಕೊಟ್ಟರೆ ತೆಗೆದುಕೊಳ್ಳುವ ಹಾಗಿರಲಿಲ್ಲ.

ಈ ಬೀದಿಯ ಆಟದ ಕೋಣೆ ಹಿಂದೊಮ್ಮೆ ಹಿಟ್ಟಿನ ಗಿರಣಿಯಾಗಿತ್ತು. ಒಳಗೆ ಇದ್ದದ್ದು ಒಂದು ಟೇಬಲ್ ಟೆನಿಸ್ ಮೇಜು, ಎರಡು ಬೆಂಚು, ಒಂದು ಗೋಡೆ ಗಡಿಯಾರ. ಸಂಜೆಯಾದರೆ ಬೀದಿಯೇ ಅಲ್ಲಿರುತ್ತಿತ್ತು. ಬಡಗಿಯ ಸೊಸೆ ಆಸ್ಪತ್ರೆಯಲ್ಲಿ ನರ್ಸು. ದಿನವಿಡೀ ಡಾಕ್ಟರಿಂದಲೂ ರೋಗಿಗಳಿಂದಲೂ ಅನ್ನಿಸಿಕೊಂಡು ಬಂದವಳು, ಒಂದು ಗಂಟೆ ಚೆಂಡಿಗೆ ಬಾರಿಸಿದರೆ ನಗುನಗುತ್ತಾ ಮನೆಗೆ ಬರುತ್ತಿದ್ದಳು. ಆ ಒಂದು ಗಂಟೆ ತಪ್ಪಿದ ದಿನ ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿರುತ್ತದೆಂದು ಅತ್ತೆಗೂ ಗೊತ್ತಿತ್ತು, ಮಾವನಿಗೂ ಗೊತ್ತಿತ್ತು.

ಮೇಜು ಮಾಡಿದವನು ಬಡಗಿಯೇ. ಬೀದಿಯಲ್ಲಿ ಅವನಿಗೆ ರಸಮಟ್ಟ ಎಂದು ಹೆಸರು. ಗಾಜಿನ ನಳಿಗೆಯೊಳಗೆ ಗುಳ್ಳೆ ಓಡಾಡುವ ಬೆರಳುದ್ದದ ರಸಮಟ್ಟವೊಂದು ಸದಾ ಅವನ ಜೇಬಿನಲ್ಲಿರುತ್ತಿತ್ತು. ಎಲ್ಲಿ ಕೂತರೂ ಮೊದಲು ಅದನ್ನಿಟ್ಟು, ಗುಳ್ಳೆ ನಡುವೆ ನಿಂತಿತೇ ಎಂದು ನೋಡುತ್ತಿದ್ದ. ಒಮ್ಮೆ ಜ್ವರ ಬಂದು ಮಲಗಿದ್ದಾಗ, ಡಾಕ್ಟರು ಇವನ ಎದೆಯ ಮೇಲೆ ಕೊಳವೆ ಇಟ್ಟರೆ ಇವನು ಮಂಚದ ಮೇಲೆ ರಸಮಟ್ಟ ಇಟ್ಟಿದ್ದ.

ಇಂಥವನು ಮಾಡಿದ ಮೇಜಿನ ಒಂದು ಮೂಲೆ ತಗ್ಗು. ಅಲ್ಲಿ ಬಿದ್ದ ಚೆಂಡು ಏಳುತ್ತಲೇ ಇರಲಿಲ್ಲ. ಕಾಲಿಗೊಂದು ಬೆಣೆ ಕೊಡು ಎಂದು ಎಲ್ಲರೂ ಹೇಳಿದರು. "ಬೆಣೆ ಕೊಟ್ಟರೆ ಮೇಜು ಕುಂಟು ಅಂತ ನಾನೇ ಒಪ್ಪಿಕೊಂಡ ಹಾಗೆ. ತಪ್ಪು ಮೇಜಿನದಲ್ಲ, ನೆಲದ್ದು" ಎಂದು ಅವನು ಹಟ ಹಿಡಿದಿದ್ದ. ಅದು ಹೇಗೋ ಈಚೆಗೆ ಎರಡು ತಿಂಗಳಿಂದ ಮೇಜು ತಾನಾಗಿಯೇ ಸರಿಹೋಗಿತ್ತು. ನೆಲಕ್ಕೆ ಬುದ್ಧಿ ಬಂತು ಎಂದು ಅವನು ಬೀಗಿದ್ದ.

ಬಟಾಣಿ ಅರ್ಧಕ್ಕೆ ಬಿಟ್ಟು ಬಡಗಿ ಎದ್ದ. ಪೆಟ್ಟಿಗೆ ತಡಕಿದ, ಬೀರುವಿನ ಹಿಂದೆ ಕೈ ಹಾಕಿದ, ಉಪಕರಣದ ಚೀಲವನ್ನು ಬೋರಲು ಹಾಕಿದ. ಏನು ಹುಡುಕುತ್ತಿದ್ದೀರಿ ಎಂದು ಹೆಂಡತಿ ಕೇಳಿದ್ದಕ್ಕೆ ಮೊಳೆ ಎಂದ. ಕಾಲಬುಡದಲ್ಲಿ ನೂರು ಮೊಳೆ ಚೆಲ್ಲಿದ್ದವು. ಅವಳು ಅವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ ಮತ್ತೆ ಬಟಾಣಿಗೆ ಕೈ ಹಾಕಿದಳು. ಗಂಡನ ಸುಳ್ಳು ಹಲಸಿನ ಹಣ್ಣಿದ್ದಂತೆ, ಮುಚ್ಚಿಟ್ಟಷ್ಟೂ ವಾಸನೆ ಎಂದು ಅವಳಿಗೆ ತಿಳಿದಿತ್ತು.

ಅಂದು ತೊಟ್ಟಿದ್ದ ಅಂಗಿಯನ್ನು ಆಮೇಲೆ ಟೈಲರಿಗೆ ಕೊಟ್ಟಿದ್ದು ನೆನಪಾಗಿ ಅಲ್ಲಿಗೆ ಓಡಿದ. ಟೈಲರು ಆ ಅಂಗಿಯ ತೋಳು ಕತ್ತರಿಸಿ, ಜೇಬು ಬಿಚ್ಚಿ, ಉಳಿದದ್ದನ್ನು ಹೊಲಿಗೆ ಯಂತ್ರ ಒರೆಸಲು ಇಟ್ಟುಕೊಂಡಿದ್ದ. ಜೇಬಿನಲ್ಲಿ ಏನೂ ಇರಲಿಲ್ಲವಂತೆ. ಸುಮ್ಮನೆ ಬಿಡುವ ಪೈಕಿಯೂ ಅವನಲ್ಲ.

"ಅದಿರಲಿ ರಸಮಟ್ಟಣ್ಣ, ಕಾಗದ ಕಳಿಸಿದ ರಸೀದಿ ಎಲ್ಲಿ? ಇವತ್ತು ನಿಮ್ಮ ಸೊಸೆ ಆಡೋ ಫೈನಲ್ ನೋಡೋಕೆ ಇಲಾಖೆ ಸಾಹೇಬರೇ ಬರ್ತಾರಂತೆ. ಮುಖಕ್ಕೆ ಹಿಡಿದು ತೋರಿಸೋಣ."

"ರಸೀದಿ ಹೆಡ್ ಮಿಸ್ ಹತ್ತಿರ ಇದೆ" ಎಂದುಬಿಟ್ಟ ಬಡಗಿ.

ಹೆಡ್ ಮಿಸ್ ಎಂದರೆ ಶಾಲೆಯಿಂದ ನಿವೃತ್ತಿಯಾದರೂ ಬೀದಿಯಿಂದ ನಿವೃತ್ತಿಯಾಗದ ಮುಖ್ಯೋಪಾಧ್ಯಾಯಿನಿ. ಆಕ್ಷೇಪಣೆ ಬರೆದವರು ಅವರೇ. ಐದು ಹಾಳೆ, ಒಂದು ಕಾಟೂ ಇಲ್ಲ. ಟೈಲರಿನ ಅಂಗಡಿಯಿಂದ ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಎದುರಾದವರೂ ಅವರೇ, ಕೇಳಿದ್ದೂ ರಸೀದಿಯನ್ನೇ. ಅದು ಟೈಲರಿನ ಹತ್ತಿರ ಭದ್ರವಾಗಿದೆ ಎಂದ. ಹೇಳಿದ ಮೇಲೆ, ಈ ಇಬ್ಬರೂ ಸಂಜೆ ಒಂದೇ ಬೆಂಚಿನ ಮೇಲೆ ಕೂರುವವರು ಎಂದು ಹೊಳೆದು, ತಿರುಗಿ ನೋಡದೆ ಮನೆಯ ಕಡೆ ಹೆಜ್ಜೆ ಹಾಕಿದ.

ನಾಲ್ಕು ಗಂಟೆಗೆ ಫೈನಲ್ ಶುರುವಾಯಿತು. ಒಂದು ಕಡೆ ಬಡಗಿಯ ಸೊಸೆ, ಇನ್ನೊಂದು ಕಡೆ ಮೇಲಿನ ಬೀದಿಯ ಹುಲಿಯಂಥ ಆಟಗಾರ್ತಿ. ಅಂಕ ಬರೆಯುವ ಕೆಲಸ ಬಡಗಿಯದು. ಹಲಗೆಯ ಮೇಲೆ ಸೀಮೆಸುಣ್ಣ ಆಡಿಸುತ್ತಿದ್ದರೂ ಅವನ ಕಣ್ಣು ಬೆಂಚಿನ ಮೇಲೆ. ಟೈಲರು ಹೆಡ್ ಮಿಸ್ ಕಿವಿಯಲ್ಲಿ ಏನೋ ಹೇಳಿದ. ಅವರು ತಲೆಯಾಡಿಸಿ ಅವನಿಗೇ ಏನೋ ಹೇಳಿದರು. ಆಮೇಲೆ ಇಬ್ಬರೂ ಒಟ್ಟಿಗೆ ಬಡಗಿಯ ಕಡೆ ತಿರುಗಿದರು. ಸೊಸೆ ಗೆದ್ದ ಅಂಕವನ್ನು ಅವನು ಎದುರಾಳಿಯ ಹೆಸರಿಗೆ ಬರೆದ. "ಮಾವ, ನಾನು ಈ ಕಡೆ ಇದ್ದೀನಿ" ಎಂದು ಅವಳು ಬ್ಯಾಟು ಎತ್ತಿ ತೋರಿಸಬೇಕಾಯಿತು.

ಆಟ ಎರಡು ಎರಡು ಆಗಿ, ಕೊನೆಯ ಆಟಕ್ಕೆ ಬಂತು. ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ಇಬ್ಬರೂ ಬೆವರು ಒರೆಸಿಕೊಳ್ಳಲು ನಿಂತಾಗ ಚೆಂಡು ಉರುಳಿ ಮೇಜಿನ ಕೆಳಗೆ ಹೋಯಿತು. ಬಡಗಿ ಬಗ್ಗಿದ.

ಮೇಜಿನ ಕಾಲಿನ ಕೆಳಗೆ ಎಂಟು ಮಡಿಕೆ ಮಾಡಿದ ಲಕೋಟೆ ಇತ್ತು. ಮೇಲೆ ಹೆಡ್ ಮಿಸ್ ಅವರ ಮುತ್ತಿನಂಥ ಅಕ್ಷರ.

ಒಂದೇ ಸಲಕ್ಕೆ ಎಲ್ಲ ನೆನಪಾಯಿತು. ಅಂದು ಅಂಚೆಗೆ ಹೊರಟವನು ಕೋಣೆಗೆ ಇಣುಕಿದ್ದ. ಯಾರೋ ಆ ಮೂಲೆಯಲ್ಲಿ ಚೆಂಡು ಸತ್ತಿತೆಂದು ನಕ್ಕಿದ್ದರು. ಮಾನ ಹೋದಂತಾಗಿ, ಎಲ್ಲರೂ ಹೋದ ಮೇಲೆ, ಐದೇ ನಿಮಿಷಕ್ಕೆಂದು ಕೈಗೆ ಸಿಕ್ಕ ಕಾಗದವನ್ನು ಮಡಿಸಿ ಕಾಲಿನ ಕೆಳಗೆ ತುರುಕಿದ್ದ. ಐದು ನಿಮಿಷ ಎರಡು ತಿಂಗಳಾಗಿತ್ತು.

ಈಗ ಲಕೋಟೆ ಎಳೆದರೆ ಮೇಜು ತಗ್ಗುತ್ತದೆ, ಸೊಸೆ ಸೋಲುತ್ತಾಳೆ. ಎಳೆಯದಿದ್ದರೆ ಕೋಣೆಯೇ ಹೋಗುತ್ತದೆ. ಬಡಗಿ ಜೇಬು ತಡಕಿದ. ಲಕೋಟೆಯಷ್ಟೇ ದಪ್ಪದ್ದು ಒಂದೇ ಒಂದು ವಸ್ತು ಸಿಕ್ಕಿತು. ಅದನ್ನು ಕಣ್ಣಿಗೊತ್ತಿಕೊಂಡು, ಬೆನ್ನಿನಿಂದ ಮೇಜನ್ನು ಕೂದಲೆಳೆಯಷ್ಟು ಎತ್ತಿ, ಕಾಗದ ಎಳೆದು, ಆ ಜಾಗಕ್ಕೆ ತನ್ನ ರಸಮಟ್ಟವನ್ನು ತಳ್ಳಿದ. ಹಲಗೆಯನ್ನು ಹೆಂಡತಿಯ ಕೈಗೆ ಕೊಟ್ಟು, ಹೊಟ್ಟೆನೋವು ಎಂದು ಹೊಟ್ಟೆ ಹಿಡಿದುಕೊಂಡು ಹೊರಬಿದ್ದ. ಹೊಟ್ಟೆಯ ಜಾಗದಲ್ಲಿ ಹಿಡಿದಿದ್ದದ್ದು ಲಕೋಟೆ ಎಂಬುದನ್ನು ಅವಳು ಕಂಡಳು.

ಅಂಚೆ ಕಚೇರಿ ಹತ್ತು ನಿಮಿಷದ ದಾರಿ. ಅರ್ಧ ದಾರಿಗೆ ಬಂದು ಉಸಿರು ಬಿಡಲು ನಿಂತಾಗ ಹಿಂದಿನಿಂದ ಗದ್ದಲ ಕೇಳಿಸಿತು. ತಿರುಗಿದರೆ ಇಡೀ ಬೀದಿ ಓಡಿ ಬರುತ್ತಿದೆ. ಮುಂದೆ ಬ್ಯಾಟು ಹಿಡಿದ ಸೊಸೆ, ಹಿಂದೆ ಅಳತೆ ಟೇಪು ಕೊರಳಲ್ಲೇ ಇದ್ದ ಟೈಲರು, ಸೆರಗು ಸೊಂಟಕ್ಕೆ ಸಿಕ್ಕಿಸಿದ ಹೆಡ್ ಮಿಸ್. ಎಲ್ಲರೂ ಕೈ ಬೀಸಿ ನಿಲ್ಲು ನಿಲ್ಲು ಎನ್ನುತ್ತಿದ್ದಾರೆ. ಗುಟ್ಟು ರಟ್ಟಾಯಿತು, ಸಿಕ್ಕರೆ ಚರ್ಮ ಸುಲಿಯುತ್ತಾರೆ, ಸುಲಿಯುವುದಿದ್ದರೆ ಕಾಗದ ಹಾಕಿದ ಮೇಲೆ ಸುಲಿಯಲಿ ಎಂದುಕೊಂಡ ಬಡಗಿ, ಜನ್ಮದಲ್ಲಿ ಒಂದು ಆಟವನ್ನೂ ಗೆಲ್ಲದವನು, ಪಂಚೆ ಎತ್ತಿ ಕಟ್ಟಿ ಬಾಣದ ಹಾಗೆ ಹಾರಿದ. ಒಂದು ಚಪ್ಪಲಿ ದಾರಿಯಲ್ಲೇ ಉಳಿಯಿತು.

ಕಿಟಕಿ ಮುಚ್ಚಲು ಕೈಯಿಟ್ಟಿದ್ದ ಅಂಚೆ ಗುಮಾಸ್ತ ಲಕೋಟೆಯನ್ನು ಎರಡು ಬೆರಳಿನಲ್ಲಿ ಎತ್ತಿ ನೋಡಿದ.

"ಇದರ ಮೇಲೆ ಆನೆ ಏನಾದರೂ ಕೂತಿತ್ತಾ?"

"ಮೇಜು ಕೂತಿತ್ತು ಸ್ವಾಮಿ. ಬೇಗ ಹಾಕಿ, ನನ್ನ ಪ್ರಾಣ ಇದರಲ್ಲಿದೆ."

ಮಾತು ಗುಮಾಸ್ತನ ಮನಸ್ಸಿಗೆ ನಾಟಿತು. ಬೇರೆ ದಿನ ಅಂಟು ಹುಡುಕಲು ಕಾಲು ಗಂಟೆ ಹಿಡಿಯುತ್ತಿದ್ದವನು, ಅಂದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ತೂಗಿ, ಬರೆದು, ಠಪ್ಪನೆ ಮುದ್ರೆ ಒತ್ತಿ, ರಸೀದಿ ಹರಿದು ಕೊಟ್ಟು, ಲಕೋಟೆಯನ್ನು ಹಿಂದಿದ್ದ ಚೀಲಕ್ಕೆ ಎಸೆದ. ನಾಲ್ಕು ಐವತ್ತೆಂಟು.

ಬೀದಿಯವರು ಒಬ್ಬರ ಮೇಲೊಬ್ಬರು ಬಿದ್ದು ಒಳಗೆ ಬಂದರು. ಬಡಗಿ ರಸೀದಿಯನ್ನು ದೀಪದ ಹಾಗೆ ಎತ್ತಿ ಹಿಡಿದ.

"ತಗೊಳ್ಳಿ ರಸೀದಿ. ಬೆಳಿಗ್ಗೆಯಿಂದ ಕೇಳ್ತಿದ್ದಿರಲ್ಲ."

ಯಾರೂ ಕೈ ಚಾಚಲಿಲ್ಲ.

"ಹಾಕಿಬಿಟ್ರಾ ಮಾವ?" ಎಂದಳು ಸೊಸೆ, ಗೋಡೆಗೆ ಒರಗುತ್ತಾ.

"ಹಾಕಿದೆ ಕಣಮ್ಮ."

ಅವಳು ನೆಲದ ಮೇಲೆ ಕೂತೇಬಿಟ್ಟಳು. ಉಳಿದದ್ದನ್ನು ಹೆಡ್ ಮಿಸ್ ಏದುಸಿರು ಬಿಡುತ್ತಾ ಹೇಳಿದರು. ಸೊಸೆ ಕೊನೆಯ ಅಂಕ ಗೆಲ್ಲುವುದಕ್ಕೂ ಇಲಾಖೆಯ ಸಾಹೇಬರು ಬರುವುದಕ್ಕೂ ಸರಿಹೋಯಿತಂತೆ. ಬಂದವರೇ ಎಲ್ಲರ ಕೈ ಕುಲುಕಿದರಂತೆ. ನೀತಿಯನ್ನು ಹೋದ ವಾರವೇ ಕೈಬಿಟ್ಟಿದ್ದಾರೆ. ಆಕ್ಷೇಪಣೆ ಬಾರದ ಕೋಣೆಗಳ ಕಡತ ಇವತ್ತು ಐದಕ್ಕೆ ಮುಚ್ಚುತ್ತದೆ, ಅವನ್ನು ಇನ್ನು ಯಾರೂ ಮುಟ್ಟುವುದಿಲ್ಲ. ಆಕ್ಷೇಪಣೆ ಬಂದ ಕೋಣೆಗಳಿಗೆ ಮಾತ್ರ ವಿಚಾರಣೆ ಮುಗಿಯುವವರೆಗೆ ಬೀಗ, ಅದಕ್ಕೆ ಎರಡು ವರ್ಷವಾದರೂ ಬೇಕು. ಇಡೀ ಊರಿನಲ್ಲಿ ಆಕ್ಷೇಪಣೆ ಕಳಿಸದ ಬೀದಿ ನಿಮ್ಮದೊಂದೇ, ಎಂಥ ತಿಳಿವಳಿಕೆಯ ಜನ ಎಂದು ಹೊಗಳಿದರಂತೆ. ಆಗ ಬಡಗಿಯ ಹೆಂಡತಿ ಲಕೋಟೆಯ ಮಾತು ಎತ್ತಿದ್ದೇ ತಡ, ಎಲ್ಲರೂ ಅವನನ್ನು ತಡೆಯಲು ಓಡಿಬಂದರಂತೆ.

ಬಡಗಿ ಕಿಟಕಿಗೆ ಕೈ ಹಾಕಿದ. "ಸ್ವಾಮಿ, ಆ ಕಾಗದ..."

"ಚೀಲಕ್ಕೆ ಬಿದ್ದದ್ದು ಸರ್ಕಾರದ್ದು. ನಾನು ಮುಟ್ಟೋ ಹಾಗಿಲ್ಲ" ಎಂದು ಗುಮಾಸ್ತ ಚೀಲದ ಬಾಯಿಗೆ ಅರಗು ಒತ್ತಿದ. ಇಷ್ಟು ಬೇಗ ಕೆಲಸ ಮಾಡಿದ್ದಕ್ಕೆ ಒಂದು ಒಳ್ಳೆಯ ಮಾತು ಬರುತ್ತದೇನೋ ಎಂದು ಅವರೆಲ್ಲರ ಮುಖ ನೋಡಿದ.

ಎಲ್ಲರಿಗಿಂತ ಕೊನೆಗೆ ಹೆಂಡತಿ ಬಂದಳು, ನಡೆದುಕೊಂಡೇ. ಒಂದು ಕೈಯಲ್ಲಿ ಗಂಡನ ಚಪ್ಪಲಿ, ಇನ್ನೊಂದರಲ್ಲಿ ಅವನ ರಸಮಟ್ಟ. ಗಾಜು ಒಡೆದು ಗುಳ್ಳೆ ಹೋಗಿತ್ತು.

"ನೀವು ಕಾಗದ ಹಾಕೋಕೆ ಓಡಿದ್ದು ಗೊತ್ತಾಗಿ ಸಾಹೇಬರು ಬೀಗ ತರೋಕೆ ಹೇಳಿ ಕಳಿಸಿದ್ದಾರೆ" ಎಂದಳು. "ಅಷ್ಟರಲ್ಲಿ ಇನ್ನೊಂದು ಆಟ ಆಗುತ್ತೆ. ಆ ರಸೀದಿ ಕೊಡಿ ಇಲ್ಲಿ, ಕಾಲಿನ ಕೆಳಗೆ ಇಡೋಣ."

"ಒಂದು ರಸೀದಿ ಸಾಲದು ಕಣೆ" ಎಂದ ಬಡಗಿ. ಆಮೇಲೆ, ಸಣ್ಣ ದನಿಯಲ್ಲಿ, "ನೆಲ ತುಂಬಾನೇ ತಗ್ಗು."

ಹೊರಗೆ ಅಂಚೆಯ ವ್ಯಾನು ಚೀಲ ಏರಿಸಿಕೊಂಡು, ಹಾರ್ನ್ ಹೊಡೆದು, ಸರಿಯಾಗಿ ಐದು ಗಂಟೆಗೆ ಹೊರಟಿತು.