ಮೂರು ಕಿಲೋಮೀಟರ್ ದೂರದ ಸ್ವಾತಂತ್ರ್ಯ

ಮನೆ ಬಿಟ್ಟು ಬೇರೆ ಇರುವವರಿಗೆ ದಿನಕ್ಕೊಂದು ಪ್ರಸಂಗ ತಾನಾಗಿ ಒದಗುತ್ತದೆ; ಮನೆ ಹತ್ತಿರವೇ ಇದ್ದರೆ ಎರಡು. ಕೆಮಿಸ್ಟ್ರಿ ಓದಿ, ನೀರು ಪರೀಕ್ಷೆ ಮಾಡುವ ಲ್ಯಾಬ್ ಸೇರಿದ ಮೇಲೆ ನಾನು ಜಯನಗರದ ಮನೆ ಬಿಟ್ಟು ಮೂರು ಕಿಲೋಮೀಟರ್ ಆಚೆ ಸಾರಕ್ಕಿಯಲ್ಲಿ ರೂಮು ಹಿಡಿದೆ. ಅಮ್ಮನ ಷರತ್ತು ಒಂದೇ: "ಮೂರು ತಿಂಗಳು ನೋಡ್ತೀನಿ. ಅಷ್ಟರಲ್ಲಿ ನೆಟ್ಟಗೆ ಒಂದು ಅಡುಗೆ ಬರ್ಲಿಲ್ಲ ಅಂದ್ರೆ ವಾಪಸ್."

ಬೀಳ್ಕೊಡುಗೆ

ಹೊರಟ ದಿನ ಆಟೋದಲ್ಲಿ ಹಾಸಿಗೆ, ಹುಳಿಪುಡಿ, ಚಟ್ನಿಪುಡಿ, ಎರಡು ಬಗೆ ಉಪ್ಪಿನಕಾಯಿ. ಗೇಟಿನ ಬಳಿ ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಟೋದವರು ಪಾಪ, ಎಂಜಿನ್ ಆಫ್ ಮಾಡಿ ಕಾದರು.

"ಮಗಳು ಫಾರಿನ್‌ಗಾ ಅಮ್ಮಾ?"

"ಇಲ್ಲಪ್ಪ, ಸಾರಕ್ಕಿಗೆ."

ತಕ್ಷಣ ಗಾಡಿ ಸ್ಟಾರ್ಟ್ ಆಯಿತು. "ಹತ್ತಿ ಮೇಡಂ. ಸಿಗ್ನಲ್‌ನಲ್ಲಿ ನಾವೂ ಅಳೋದಿದೆ."

ಮೂರು ಕೂಗು

ಮೊದಲ ಅನ್ನಕ್ಕೆ ಅಕ್ಕಿ, ನೀರು ಎರಡನ್ನೂ ಅಳೆದು ಇಟ್ಟೆ. ಕುಕ್ಕರ್ ಕೂಗುವುದನ್ನು ಅಮ್ಮ ಫೋನಿನಲ್ಲೇ ಎಣಿಸಿದಳು. "ಒಂದು... ಎರಡು... ಮೂರು. ಆರಿಸು."

ಆರಿಸಿದೆ. ತೆಗೆದು ನೋಡಿದರೆ ಅಕ್ಕಿ ಅಕ್ಕಿಯಾಗಿಯೇ ಇತ್ತು.

"ನೀರು ಕಮ್ಮಿ ಹಾಕಿದೀಯ."

"ಅಳತೆ ಸರಿ ಇದೆಯಮ್ಮ."

ಅಷ್ಟರಲ್ಲಿ ಕುಕ್ಕರ್ ನಾಲ್ಕನೇ ಸಲ ಕೂಗಿತು. ನನ್ನ ಒಲೆ ಆರಿತ್ತು. ನಾವು ಎಣಿಸಿದ ಮೂರರಲ್ಲಿ ಎರಡು, ಮೇಲಿನ ಮನೆಯ ಓನರ್ ಆಂಟಿಯದು.

ಅಮ್ಮ ಯೋಚಿಸಿ ಹೇಳಿದಳು: "ಹಾಗಾದ್ರೆ ಅವರಿಗೆ ಹೇಳೇ, ಬೇಳೆ ಬೆಂದಿರತ್ತೆ, ಆರಿಸ್ಲಿ."

ಪರೀಕ್ಷೆ

ಮೂರನೇ ತಿಂಗಳ ಕೊನೆಯ ಭಾನುವಾರ ಅಪ್ಪ ಅಮ್ಮ ಊಟಕ್ಕೆ ಬಂದರು. ಅಮ್ಮನ ಕೈಯಲ್ಲಿ ಭಾರದ ಬಟ್ಟೆ ಚೀಲ.

"ಅದೇನಮ್ಮ?"

"ಏನಿಲ್ಲ, ಛತ್ರಿ."

ಸೋರೆಕಾಯಿ ಹುಳಿ ಬಡಿಸಿದೆ. ಅಮ್ಮ ಒಂದು ತುತ್ತು ಬಾಯಿಗಿಟ್ಟು ಗೋಡೆ ನೋಡಿದಳು. ಅಪ್ಪ ಅವಳನ್ನು ನೋಡಿದರು. ನಾನು ಇಬ್ಬರನ್ನೂ ನೋಡಿದೆ. ಅಮ್ಮ ಎರಡನೇ ಸಲ ಹುಳಿ ಹಾಕಿಸಿಕೊಂಡಳು; ತೀರ್ಪು ಮಾತ್ರ ಹೇಳಲಿಲ್ಲ. ಹೋಗುವಾಗ ಚೀಲದ ಸಮೇತ ಮಹಡಿ ಹತ್ತಿ, ಓನರ್ ಆಂಟಿಯನ್ನು ಮಾತಾಡಿಸಿ ಹೊರಟಳು.

ಸಂಜೆ ಆಂಟಿ ಸ್ಟೀಲ್ ಡಬ್ಬಿ ಹಿಡಿದು ಇಳಿದು ಬಂದರು. "ಬೇಕಾದವರೊಬ್ಬರು ಹುಳಿ ಕೊಟ್ರಮ್ಮ, ನಮಗೆ ಜಾಸ್ತಿ ಆಯ್ತು. ನೀನು ಒಬ್ಬಳೇ ಏನು ಬೇಯಿಸ್ಕೋತೀಯ, ತಗೋ."

ಮುಚ್ಚಳದ ಮೇಲೆ ಅಮ್ಮನ ಹೆಸರು ಕೆತ್ತಿತ್ತು.

ರುಚಿ ನೋಡಿ ಫೋನ್ ಮಾಡಿದೆ. "ಅಮ್ಮಾ, ನಿನ್ನ ಛತ್ರಿ ಸಿಕ್ತು. ಉಪ್ಪು ಒಂಚೂರು ಕಮ್ಮಿ."

ಹಿಂದೆ ಅಪ್ಪ ನಕ್ಕಿದ್ದು ಕೇಳಿಸಿತು. ಅಮ್ಮ ಅವರನ್ನು ಗದರಿ, ನನಗೆ ಹೇಳಿದಳು:

"ಆಯ್ತು, ಅಲ್ಲೇ ಇರು. ಡಬ್ಬಿ ಮಾತ್ರ ವಾಪಸ್ ಕಳಿಸು. ಖಾಲಿ ಕಳಿಸ್ಬೇಡ."